ಪತ್ತೇದಾರನೇ ಸಿಕ್ಕಿಬಿದ್ದಾಗ ನಗು ನಿಂತುಹೋದದ್ದೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ಕನ್ನಡ ಸಂಘಕ್ಕಾಗಿ ರಾಜ್ಯೋತ್ಸವದ ಹೊತ್ತಿಗೆ ಒಂದೂವರೆ ಗಂಟೆಯ ಹಾಸ್ಯ ನಾಟಕ ಬರೆಯುತ್ತಿದ್ದೇನೆ. ಕಲ್ಯಾಣ ಮಂಟಪದ ಉಗ್ರಾಣದಲ್ಲಿ ಮದುವೆ ಬ್ರೋಕರ್‌ನ ಕೊಲೆಯಾಗುತ್ತದೆ. ಅಲ್ಲೇ ಇದ್ದ ಖಾಸಗಿ ಪತ್ತೇದಾರ ತನಿಖೆಗೆ ಇಳಿಯುತ್ತಾನೆ. ಅರ್ಧ ನಾಟಕ ಮುಗಿಯುವಾಗ ಹೆಣದ ಪಕ್ಕ ಅವನದೇ ಕರವಸ್ತ್ರ ಸಿಕ್ಕಿ, ಅನುಮಾನ ಅವನ ಮೇಲೆ ತಿರುಗುತ್ತದೆ. ಮೊದಲ ಓದಿನಲ್ಲಿ ಅಲ್ಲಿಯವರೆಗೆ ಚೆನ್ನಾಗಿ ನಕ್ಕವರು ಆಮೇಲೆ ಸುಮ್ಮನಾದರು. ಎಲ್ಲಿ ತಪ್ಪಿದೆ? ಕೊನೆಗೆ ಅವನೇ ಕೊಲೆಗಾರ ಎಂದು ಮಾಡಿದರೆ ಸರಿಹೋಗುತ್ತದೆಯೇ? ಪೊಲೀಸರ ಭಾಗ ನಂಬುವಂತಿಲ್ಲ ಎಂದು ವಕೀಲ ಸ್ನೇಹಿತರೊಬ್ಬರು ಬೇರೆ ಹೇಳಿದ್ದಾರೆ.
(ಶಿವಮೊಗ್ಗದ ಓದುಗರು)

ಉತ್ತರ: ನೀವು ಕಳಿಸಿದ ಕಥಾಸಾರವನ್ನು ಎರಡು ಸಲ ಓದಿದೆ. ಜನ ಸುಮ್ಮನಾದದ್ದು ಆ ಕರವಸ್ತ್ರದಿಂದಲೇ. ಕೊಲೆಗಾರ ಅದನ್ನು ಕದ್ದು ತಂದು ಹೆಣದ ಪಕ್ಕ ಹಾಕಿದ್ದಾನೆ. ಅಂದಮೇಲೆ ಪತ್ತೇದಾರ ಸಿಕ್ಕಿಬಿದ್ದದ್ದು ಬೇರೆಯವರ ಕೈಚಳಕದಿಂದ, ಅದರಲ್ಲಿ ಅವನದ್ದೇನೂ ಇಲ್ಲ. ತಪ್ಪಿಲ್ಲದವನ ತಲೆಗೆ ಯಾರೋ ಆರೋಪ ಕಟ್ಟಿದರೆ ನೋಡುವವರಿಗೆ ಅಯ್ಯೋ ಪಾಪ ಅನಿಸುತ್ತದೆ. ಅದೇ ಅವನು ತಾನೇ ಜಾಗ ತೋರಿಸಿ, ತಾನೇ ನಿಂತು ಗುಂಡಿ ತೋಡಿಸಿ, ತಾನೇ ಬಿದ್ದರೆ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ.

ನಾನು ಇಪ್ಪತ್ತೈದು ವರ್ಷದಿಂದ ಹಗಲು ಹೊತ್ತು ಕ್ರಿಮಿನಲ್ ಕೇಸು ನಡೆಸುತ್ತ, ಸಂಜೆ ಹವ್ಯಾಸಿ ತಂಡದ ಜೊತೆ ನಾಟಕ ಆಡಿಸುತ್ತ ಬಂದವನು. ಕೋರ್ಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಅನುಮಾನ ಮೊದಲು ಹುಟ್ಟುವುದು ಮನುಷ್ಯನ ನಡವಳಿಕೆಯಿಂದ. ಹೆಣವನ್ನು ಮೊದಲು ಕಂಡವನು, ಕರೆಯದಿದ್ದರೂ ಮುಂದೆ ಬಂದು ಮಾತಾಡುವವನು, ಸತ್ತವನ ಬಗ್ಗೆ ಮನೆಯವರಿಗಿಂತ ಹೆಚ್ಚು ತಿಳಿದಿರುವವನು, ಜಾಗ ಬಿಟ್ಟು ಕದಲದವನು: ಇವರನ್ನೇ ಪೊಲೀಸರು ಎರಡನೇ ಸಲ ಕರೆಸುವುದು. ಪತ್ತೇದಾರ ಎಂಬ ಪಾತ್ರ ಮಾಡುವ ಕೆಲಸವೂ ಇದೇ ಅಲ್ಲವೇ? ಅವನನ್ನು ಅನುಮಾನಕ್ಕೆ ತಳ್ಳಲು ಹೊರಗಿನಿಂದ ಒಂದು ನೂಲೂ ತರಬೇಕಿಲ್ಲ. ಅವನ ಜಾಣತನವೇ ಅವನ ವಿರುದ್ಧ ಸಾಕ್ಷಿ ಹೇಳಲಿ. ನಿಮ್ಮ ನಾಟಕಕ್ಕೆ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದ ಬಂದದ್ದು.

ಹೇಗೆಂದು ನಿಮ್ಮ ಛತ್ರದಲ್ಲೇ ತೋರಿಸುತ್ತೇನೆ. ಕೊಲೆಯನ್ನು ಕಾಶಿಯಾತ್ರೆಯ ಹೊತ್ತಿಗೆ ಇಡಿ. ವರ ಕೊಡೆ ಹಿಡಿದು ಬಾಗಿಲಿಗೆ ಹೊರಟಿದ್ದಾನೆ, ವಾಲಗ ಜೋರಾಗಿದೆ, ಹೆಣ್ಣಿನ ಅಣ್ಣ ತಡೆಯಲು ಓಡಿಬಂದಿದ್ದಾನೆ, ಇಡೀ ಛತ್ರ ಬಾಗಿಲ ಹತ್ತಿರ ನೆರೆದಿದೆ. ಉಗ್ರಾಣದಲ್ಲಿ ತೆಂಗಿನಕಾಯಿ ಮೂಟೆಯ ಪಕ್ಕ ಬ್ರೋಕರ್ ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಇನ್‌ಸ್ಪೆಕ್ಟರ್ ಬಂದ ಮೇಲೆ ದೃಶ್ಯ ಹೀಗೆ ನಡೆಯಲಿ:

ಪತ್ತೇದಾರ: ಸಾರ್, ಹತ್ತೂ ಹತ್ತರಿಂದ ಹತ್ತೂ ಇಪ್ಪತ್ತರ ಒಳಗೆ ನಡೆದಿರೋದು. ಆಗ ಎಲ್ಲಾ ಕಾಶಿಯಾತ್ರೆ ನೋಡ್ತಿದ್ರು. ಮದುವೆ ವಿಡಿಯೋ ಹಾಕ್ಸಿ. ಅದ್ರಲ್ಲಿ ಯಾರ ಮುಖ ಇಲ್ವೋ ಅವನೇ ಕೊಲೆಗಾರ. ಬರ್ಕೊಳ್ಳಿ.

(ಲ್ಯಾಪ್‌ಟಾಪ್ ಸುತ್ತ ಎಲ್ಲರೂ ಬಗ್ಗುತ್ತಾರೆ. ದಫೇದಾರ್ ಪಟ್ಟಿ ಹಿಡಿದು ಟಿಕ್ ಹಾಕುತ್ತಾನೆ.)

ದಫೇದಾರ್: ಸೋದರತ್ತೆ ಇದ್ದಾರೆ. ಪುರೋಹಿತರು ಇದ್ದಾರೆ. ಅಡುಗೆಯವರು ಸೌಟು ಹಿಡ್ಕೊಂಡೇ ಬಂದಿದ್ದಾರೆ. ಗಂಡಿನ ಚಿಕ್ಕಪ್ಪ, ಇಗೋ, ಇದ್ದಾರೆ.

ಇನ್‌ಸ್ಪೆಕ್ಟರ್: ಎಲ್ಲಾ ಇದ್ದಾರಲ್ರೀ.

ದಫೇದಾರ್: ಒಬ್ರು ಇಲ್ಲ ಸಾರ್.

ಪತ್ತೇದಾರ (ಹಿಗ್ಗಿ): ಹೇಳಲಿಲ್ವಾ ನಾನು! ಯಾರಪ್ಪ ಅದು?

(ದಫೇದಾರ್ ತಲೆ ಎತ್ತಿ ಅವನನ್ನೇ ನೋಡುತ್ತಾನೆ. ಒಬ್ಬೊಬ್ಬರಾಗಿ ಎಲ್ಲರೂ ನೋಡುತ್ತಾರೆ.)

ಇಲ್ಲಿಗೆ ಅರ್ಧ ನಾಟಕ ನಿಲ್ಲಿಸಿ. ಬಲೆ ಅವನದೇ, ಬೀಸಿದ ಕೈಯೂ ಅವನದೇ. ನಿಯಮವನ್ನು ಇಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಹಿಂದೆ ಸರಿಯುವುದಕ್ಕೂ ಆಗುವುದಿಲ್ಲ. ಲ್ಯಾಪ್‌ಟಾಪ್ ಪರದೆ ಸಭೆಗೆ ಕಾಣಬಾರದು. ಸಭೆ ನೋಡಬೇಕಾದ್ದು ಬಗ್ಗಿ ನಿಂತ ಮುಖಗಳನ್ನು. ನಿಮ್ಮ ಸಂಘಕ್ಕೆ ಖರ್ಚೂ ಇಲ್ಲ.

ಪ್ರತಿ ಸುಳಿವಿಗೂ ಎರಡು ಅರ್ಥ ಇರಲಿ. ಮೊದಲ ಭಾಗದಲ್ಲಿ ಅದು ತಮಾಷೆ, ಎರಡನೇ ಭಾಗದಲ್ಲಿ ಅದೇ ಸಾಕ್ಷ್ಯ. ನಿಮ್ಮ ಪತ್ತೇದಾರನ ಜೇಬಿನಲ್ಲಿ ಒಂದು ಟಿಪ್ಪಣಿ ಪುಸ್ತಕ ಇದೆ, ಸಣ್ಣಪುಟ್ಟದ್ದನ್ನೆಲ್ಲ ಬರೆಯುತ್ತಾನೆ ಎಂದಿದ್ದೀರಿ. ಆ ಪುಸ್ತಕವನ್ನು ನೀವು ಮುಂದೆ ಬಳಸಿಯೇ ಇಲ್ಲ! ಬ್ರೋಕರ್ ಅವನಿಗೆ ಹಳೆಯ ಕೆಲಸದ ಹದಿನೆಂಟು ಸಾವಿರ ಬಾಕಿ ಉಳಿಸಿಕೊಂಡಿದ್ದಾನೆ ಎಂದು ಮಾಡಿ. ಪುಸ್ತಕದಲ್ಲಿ ಅಂದಿನ ತಾರೀಖಿಗೆ ಒಂದೇ ಸಾಲು: 'ಬ್ರೋಕರ್‌ದು ಇವತ್ತು ಮುಗಿಸಲೇಬೇಕು.' ಮೊದಲ ದೃಶ್ಯದಲ್ಲಿ ಅವನು ಇದನ್ನು ಬರೆಯುತ್ತ ಬಾಯಲ್ಲಿ ಹೇಳಿಕೊಳ್ಳುವಾಗ ಸಭೆಗೆ ಲೆಕ್ಕದ ಮಾತು ಎಂದು ಚೆನ್ನಾಗಿ ಗೊತ್ತು. ಇನ್‌ಸ್ಪೆಕ್ಟರ್ ಓದುವಾಗ ಅದೇ ಸಾಲು ಎಷ್ಟು ಭಯಂಕರವಾಗಿ ಕೇಳುತ್ತದೆ ನೋಡಿ. 'ಮುಗಿಸು' ಎಂಬ ಪದ ನಮ್ಮ ಬಾಯಲ್ಲಿ ಊಟಕ್ಕೂ ಬರುತ್ತದೆ, ಸಾಲಕ್ಕೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಇಂಥ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಹುಡುಕಿ ಬಳಸಿಕೊಳ್ಳಿ.

ಇನ್ನೊಂದು ವಿಷಯ ನಿಮ್ಮ ಕಥಾಸಾರದಲ್ಲಿ ಕಾಣಲಿಲ್ಲ. ಪತ್ತೇದಾರ ಆ ಮದುವೆಗೆ ಬಂದದ್ದೇಕೆ? ನಮ್ಮಲ್ಲಿ ಖಾಸಗಿ ಪತ್ತೇದಾರರಿಗೆ ಬರುವ ಕೆಲಸದಲ್ಲಿ ಗಂಡು ಹೆಣ್ಣಿನ ಮನೆತನದ ವಿಚಾರಣೆ ಒಂದು ಮುಖ್ಯ ಬಾಬ್ತು. ಹುಡುಗನಿಗೆ ನಿಜವಾಗಿ ಕೆಲಸ ಇದೆಯೇ, ಸಾಲ ಎಷ್ಟು, ಕುಡಿಯುತ್ತಾನೆಯೇ, ಹಿಂದೆ ಮದುವೆಯಾಗಿತ್ತೇ. ಹೆಣ್ಣಿನ ಕಡೆಯವರು ಗಂಡನ್ನು ವಿಚಾರಿಸಲು ಇವನನ್ನು ಗೊತ್ತುಮಾಡಿದ್ದಾರೆ ಎನ್ನಿ. ಅಷ್ಟೇ ಆದರೆ ಸಾಧಾರಣ. ಗಂಡಿನ ಚಿಕ್ಕಪ್ಪನೂ ಹೆಣ್ಣನ್ನು ವಿಚಾರಿಸಲು ಇವನನ್ನೇ ಗೊತ್ತುಮಾಡಿದ್ದಾರೆ, ಇವನು ಎರಡೂ ಕಡೆ ಫೀಸು ತೆಗೆದುಕೊಂಡಿದ್ದಾನೆ ಎನ್ನಿ. ಈಗ ನಾಟಕಕ್ಕೆ ಬೆನ್ನೆಲುಬು ಬಂತು.

ಏಕೆಂದರೆ ಕಾಶಿಯಾತ್ರೆಯ ಹೊತ್ತಿನಲ್ಲಿ ಅವನು ಮೇಲಿನ ಕೋಣೆಯಲ್ಲಿ ಆ ಚಿಕ್ಕಪ್ಪನಿಗೆ ವರದಿ ಒಪ್ಪಿಸುತ್ತಿದ್ದ. ಅವನು ಕೊಲೆ ಮಾಡಿಲ್ಲ ಎನ್ನಲು ಜಗತ್ತಿನಲ್ಲಿ ಒಬ್ಬನೇ ಸಾಕ್ಷಿ ಇದ್ದಾನೆ, ಆ ಸಾಕ್ಷಿ ಬಾಯಿ ಬಿಟ್ಟರೆ ಹೆಣ್ಣಿನ ಕಡೆಯವರ ಮುಂದೆ ಮಾನ ಹೋಗುತ್ತದೆ, ಮದುವೆ ನಿಲ್ಲುತ್ತದೆ. ಇವನು ಬಾಯಿ ಬಿಟ್ಟರೆ ಎರಡು ಫೀಸಿನ ಸಂಗತಿ ಬಯಲಾಗುತ್ತದೆ. ಇಬ್ಬರೂ ಎದುರೆದುರು ಕೂತು, ಕಣ್ಣಲ್ಲೇ ಬೇಡಿಕೊಳ್ಳುತ್ತ, ಸುಳ್ಳು ಹೇಳುತ್ತಾರೆ. ವಿಡಿಯೋದಲ್ಲಿ ಚಿಕ್ಕಪ್ಪ ಶುರುವಿಗೂ ಕೊನೆಗೂ ಕಾಣುತ್ತಾರೆ, ನಡುವೆ ಕಾಣುವುದಿಲ್ಲ. ದಫೇದಾರ್ ಒಂದು ಸಲ ಮುಖ ಕಂಡದ್ದಕ್ಕೆ ಟಿಕ್ ಹಾಕಿಬಿಟ್ಟಿದ್ದಾನೆ. ಚುರುಕಾದ ಪ್ರೇಕ್ಷಕರು ಇದನ್ನು ಹಿಡಿಯುತ್ತಾರೆ, ಹಿಡಿಯಲಿ.

ಕೊಲೆಯ ತಪ್ಪಿಲ್ಲದಿದ್ದರೂ ಪತ್ತೇದಾರನಿಗೆ ಬೇರೊಂದು ತಪ್ಪು ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮುಚ್ಚಿಡಲು ಏನೂ ಇಲ್ಲದವನು ಎರಡು ಮಾತಿನಲ್ಲಿ ಪಾರಾಗುತ್ತಾನೆ. ಮದುವೆಮನೆಯಲ್ಲಿ ಗುರುತಿಲ್ಲದವರು ಬಂದರೆ ಹೆಣ್ಣಿನವರು ಗಂಡಿನ ಕಡೆಯವರು ಇರಬೇಕು ಅಂದುಕೊಳ್ಳುತ್ತಾರೆ, ಗಂಡಿನವರು ಹೆಣ್ಣಿನ ಕಡೆಯವರು ಅಂದುಕೊಳ್ಳುತ್ತಾರೆ. ಈ ಗೊಂದಲದಲ್ಲೇ ಅವನು ಎರಡು ದಿನ ಊಟ ಮಾಡಿದ್ದಾನೆ. ಮುಯ್ಯಿ ಕವರ್ ಎರಡು ಕಡೆ ಕೊಟ್ಟಿದ್ದಾನೆ, ಎರಡು ಹೆಸರಿನಲ್ಲಿ, ಒಂದೇ ಕೈಬರಹದಲ್ಲಿ. ಇನ್‌ಸ್ಪೆಕ್ಟರ್ ಎರಡೂ ಕವರನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡುವ ದೃಶ್ಯವನ್ನು ಮಾತೇ ಇಲ್ಲದೆ ಆಡಿಸಿ.

ಈಗ ನಿಮ್ಮ ವಕೀಲ ಸ್ನೇಹಿತರ ಮಾತು. ಅವರು ಹೇಳಿದ್ದು ನಿಜ, ಆದರೆ ಕಾನೂನು ಸರಿಯಾಗಿದ್ದರೆ ಹಾಸ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಿಮ್ಮ ಪತ್ತೇದಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡುತ್ತಾನೆ, ಎಲ್ಲರೂ ವಿಧೇಯರಾಗಿ ಉತ್ತರ ಕೊಡುತ್ತಾರೆ. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರನಿಗೆ ಅಂಥ ಯಾವ ಅಧಿಕಾರವೂ ಇಲ್ಲ. ಅವರಿಗೆಂದು ಒಂದು ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. 2005ರ ಕಾಯ್ದೆ ಇರುವುದು ಸೆಕ್ಯುರಿಟಿ ಗಾರ್ಡ್ ಏಜೆನ್ಸಿಗಳಿಗೆ. ಹಾಗಾಗಿ ಛತ್ರದ ವಾಚ್‌ಮನ್‌ಗೆ ಲೈಸೆನ್ಸ್ ಪಡೆದ ಏಜೆನ್ಸಿಯ ಬೆಂಬಲ ಇರಬಹುದು, ಪತ್ತೇದಾರನ ಕೈಯಲ್ಲಿ ಇರುವುದು ವಿಸಿಟಿಂಗ್ ಕಾರ್ಡ್ ಮಾತ್ರ. ಸೋದರತ್ತೆ 'ನೀವ್ಯಾರ್ರೀ ನನ್ನ ಕೇಳೋಕೆ?' ಅಂದರೆ ಅವನಲ್ಲಿ ಉತ್ತರ ಇಲ್ಲ. ಉತ್ತರ ಇಲ್ಲದವನು ಉಪಾಯ ಹುಡುಕುತ್ತಾನೆ: ಊಟಕ್ಕೆ ಅವರ ಪಂಕ್ತಿಯಲ್ಲೇ ಕೂತು, ಹಪ್ಪಳ ಬಡಿಸುವ ನೆಪದಲ್ಲಿ ಬಗ್ಗಿ, ವಿಷಯ ಹೊರಡಿಸುತ್ತಾನೆ.

ಅವನನ್ನು ಬಂಧಿಸಬೇಡಿ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ನಿಮ್ಮ ಕಥೆ ಛತ್ರ ಬಿಟ್ಟು ಹೊರಗೆ ಹೋಗುತ್ತದೆ. 'ಎಲ್ಲೂ ಹೋಗ್ಬೇಡಿ' ಎಂದು ಹೇಳಿ ಒಬ್ಬ ಪೇದೆಯನ್ನು ಹಿಂದೆ ಬಿಟ್ಟರೆ ಸಾಕು. ಆ ಪೇದೆ ಕೈತೊಳೆಯುವ ಜಾಗಕ್ಕೂ ಬರಲಿ. ಪತ್ತೇದಾರ ಬೇರೆಯವರಿಗೆ ಕೇಳುವ ಒಂದೊಂದು ಪ್ರಶ್ನೆಯನ್ನೂ ಅವನ ವಿರುದ್ಧದ ಅಂಶ ಎಂದು ಬರೆದುಕೊಳ್ಳಲಿ. ಕೊನೆಗೆ ಬೀಗ ಬಿಡಿಸುವ ಸುಳಿವು ಆ ಪೇದೆಯ ಪುಸ್ತಕದಲ್ಲೇ ಸಿಗಬಹುದು, ಯೋಚಿಸಿ ನೋಡಿ.

ಪಂಚರು ಎಂಬ ಸಾಕ್ಷಿಗಳ ಎದುರು ಪೊಲೀಸರು ಸ್ಥಳದ ವಿವರ ಬರೆದುಕೊಳ್ಳುವ ಮಹಜರು ದೃಶ್ಯವನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಬೇಸರವಾದದ್ದು ಅಲ್ಲಿ! ಠಾಣೆಯ ಮಹಜರು ಕನ್ನಡಕ್ಕೆ ಅದರದೇ ಒಂದು ಗಾಂಭೀರ್ಯ ಇದೆ. ಪಂಚರ ಸಮಕ್ಷಮ, ಸದರಿ, ಮೇಲ್ಕಂಡ, ಕಂಡುಬಂದಿರುತ್ತದೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ಪಂಚರಾಗಿ ವಾಲಗದವರನ್ನೂ ಹೂವಿನವರನ್ನೂ ಕರೆಯಿರಿ. ಠಾಣೆಯ ರೈಟರ್ ಗಟ್ಟಿಯಾಗಿ ಓದುತ್ತ ಬರೆಯಲಿ: 'ಸದರಿ ಸ್ಥಳವು ಉಗ್ರಾಣವಾಗಿದ್ದು, ಪೂರ್ವಕ್ಕೆ ಅಡುಗೆಮನೆ, ಪಶ್ಚಿಮಕ್ಕೆ ಕೈತೊಳೆಯುವ ಜಾಗ, ಉತ್ತರಕ್ಕೆ ವಧುವಿನ ಕೋಣೆ, ದಕ್ಷಿಣಕ್ಕೆ ಸದರಿ ಪತ್ತೇದಾರರು ನಿಂತಿರುತ್ತಾರೆ.' ಅವನು ಮೊದಲ ದೃಶ್ಯದಿಂದ ಎಲ್ಲದರಲ್ಲೂ ಮೂಗು ತೂರಿಸಿದ್ದಕ್ಕೆ ಈಗ ಜಾಗದ ಎಲ್ಲೆಯೇ ಆಗಿಹೋದ. ಇದನ್ನು ನಟರು ನಗಿಸಲು ಹೋಗದೆ, ನಿಜವಾದ ಮಹಜರು ಬರೆಯುವಷ್ಟೇ ಶ್ರದ್ಧೆಯಿಂದ ಮಾಡಬೇಕು.

ಶ್ವಾನದಳವನ್ನೂ ಬಿಡಬೇಡಿ. ನಾಯಿ ರಂಗಕ್ಕೆ ಬರಬೇಕಿಲ್ಲ, ನೇಪಥ್ಯದಲ್ಲಿ ಬೊಗಳಿದರೆ ಸಾಕು. ಬೆಳಗಿನಿಂದ ಉಗ್ರಾಣದಲ್ಲಿ ಹತ್ತು ಸಲ ಓಡಾಡಿದ್ದು ಇವನು, ಹೆಣದ ಪಕ್ಕ ಮಂಡಿಯೂರಿದ್ದು ಇವನು. ನಾಯಿ ನೇರವಾಗಿ ಬಂದು ಇವನ ಮುಂದೆ ಕೂರದೆ ಇನ್ನೇನು ಮಾಡುತ್ತದೆ? ನಾಯಿ ಹಿಡಿದ ಜಾಡನ್ನೇ ನಂಬಿ ನ್ಯಾಯಾಲಯ ಶಿಕ್ಷೆ ಕೊಡುವುದಿಲ್ಲ. ನಾಯಿಯನ್ನು ಕಟಕಟೆಗೆ ಕರೆದು ಪಾಟಿಸವಾಲು ಮಾಡಲಾಗದು ಎಂಬುದು ಅಂಥ ಸಾಕ್ಷ್ಯದ ವಿರುದ್ಧ ಎತ್ತುವ ಆಕ್ಷೇಪಗಳಲ್ಲಿ ನಿಜವಾಗಿಯೂ ಒಂದು. ಪತ್ತೇದಾರನ ಬಾಯಲ್ಲಿ ಈ ಮಾತು ಹೇಳಿಸಿ.

ನಿಮ್ಮ ಇನ್‌ಸ್ಪೆಕ್ಟರ್ ಮಂಪರು ಪರೀಕ್ಷೆಯ ಬೆದರಿಕೆ ಹಾಕುತ್ತಾನೆ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ನಮ್ಮ ರಾಜ್ಯದ ಇನ್‌ಸ್ಪೆಕ್ಟರ್‌ಗೆ ಇದು ಗೊತ್ತಿಲ್ಲದೆ ಇರುವುದಿಲ್ಲ. ಆ ಸಾಲು ತೆಗೆದುಬಿಡಿ. ಹಾಗೆಯೇ ಕೊಲೆಗೆ ಹಳೆಯ ದಂಡ ಸಂಹಿತೆಯ ಕಲಂ 302 ಎಂದು ಬರೆದಿದ್ದೀರಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 103. ಹಳೇ ದಫೇದಾರ್ ಅಭ್ಯಾಸಬಲದಿಂದ 302 ಅನ್ನುವುದು, ಹೊಸ ಪೇದೆ ಮೆಲ್ಲಗೆ ತಿದ್ದುವುದು ಸಹಜವಾಗಿ ಕೂರುತ್ತದೆ.

ಇನ್ನು ಅವನೇ ಕೊಲೆಗಾರ ಆಗಬಹುದೇ ಎಂಬ ಪ್ರಶ್ನೆ. ಪತ್ತೇದಾರಿ ಬರಹಕ್ಕೆ ಕಟ್ಟುಪಾಡು ಹಾಕಿದವರು ಇದನ್ನು ಮೊದಲೇ ಯೋಚಿಸಿದ್ದರು. ಅಮೆರಿಕದ ಎಸ್.ಎಸ್. ವ್ಯಾನ್ ಡೈನ್ 1928ರಲ್ಲಿ ಬರೆದ ಇಪ್ಪತ್ತು ನಿಯಮಗಳಲ್ಲೂ, ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಹಾಕಿದ ಹತ್ತು ನಿಯಮಗಳಲ್ಲೂ ಪತ್ತೇದಾರನೇ ಅಪರಾಧಿ ಆಗಕೂಡದು ಎಂದಿದೆ. ಆಮೇಲೆ ಬರೆದವರು ಆ ನಿಯಮವನ್ನು ಮುರಿದದ್ದೂ ಉಂಟು. ಗಂಭೀರ ಕಥೆಯಲ್ಲಿ ಮುರಿದರೆ ನನ್ನ ತಕರಾರಿಲ್ಲ. ಹಾಸ್ಯದಲ್ಲಿ ಬೇಡ. ಒಂದೂವರೆ ಗಂಟೆ ಸಭೆ ಅವನ ಜೊತೆ ನಕ್ಕಿದೆ, ಅವನ ಕಣ್ಣಿನಿಂದ ನೋಡಿದೆ. ಬಾಡಿಗೆ ಪುಸ್ತಕದಂಗಡಿಯಿಂದ ಎನ್. ನರಸಿಂಹಯ್ಯನವರ ಕಾದಂಬರಿ ತಂದು ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದ ತಲೆಮಾರು ಇನ್ನೂ ಮುಂದಿನ ಸಾಲಿನಲ್ಲಿ ಕೂತಿರುತ್ತದೆ. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಬೆಳೆಸಿದ ಓದುಗರು ಅವರು. ಅವರಿಗೆ ಪತ್ತೇದಾರ ಎಂದರೆ ನಂಬಿಕೆ. ಆ ನಂಬಿಕೆಯನ್ನು ಅಲುಗಾಡಿಸಿ, ಬೇಕಾದಷ್ಟು ಅಲುಗಾಡಿಸಿ. ಮುರಿದರೆ ಹಿಂದೆ ನಕ್ಕ ನಗುವೆಲ್ಲ ಕಹಿಯಾಗಿ, ಜನ ಮನೆಗೆ ಹೋಗುವಾಗ ಏನೋ ಮೋಸ ಹೋದಂತೆ ಹೋಗುತ್ತಾರೆ.

ಇದಕ್ಕೆ ಹತ್ತಿದ ಇನ್ನೊಂದು ಅನುಭವ. ಕೆಲವು ವರ್ಷದ ಹಿಂದೆ ನಮ್ಮ ತಂಡ ಇಂಥದೇ ನಾಟಕ ಆಡಿತ್ತು. ಸತ್ತವನ ಹೆಂಡತಿಯ ಪಾತ್ರ ಮಾಡಿದವರು ಒಳ್ಳೆಯ ಕಲಾವಿದೆ, ನಿಜವಾಗಿ ಅತ್ತರು. ಮುಂದಿನ ಇಪ್ಪತ್ತು ನಿಮಿಷ ಒಬ್ಬರೂ ನಗಲಿಲ್ಲ. ಎರಡನೇ ಪ್ರದರ್ಶನಕ್ಕೆ ಆ ಪಾತ್ರವನ್ನು ತೆಗೆದು, ಸತ್ತವನ ಬಾಕಿ ವಸೂಲಿಗೆ ಬಂದವರ ಸಾಲು ಇಟ್ಟೆವು. ನಾಟಕ ಉಸಿರಾಡಿತು. ನಿಮ್ಮ ಬ್ರೋಕರ್‌ಗೂ ರಂಗದ ಮೇಲೆ ಅಳುವವರು ಬೇಡ. ಅವನು ಬದುಕಿದ್ದಾಗಲೇ ಒಂದು ದೃಶ್ಯದಲ್ಲಿ ಬಂದು, ಎರಡೂ ಕಡೆ ಸುಳ್ಳು ಹೇಳಿ, ಕಮಿಷನ್‌ಗೆ ಚೌಕಾಸಿ ಮಾಡಿ ಹೋಗಲಿ.

ಕೊಲೆಗಾರ ಯಾರು ಎಂಬುದನ್ನು ನೀವು ಇನ್ನೂ ಗಟ್ಟಿ ಮಾಡಿಲ್ಲ ಎಂದಿದ್ದೀರಿ. ವಿಡಿಯೋ ದೃಶ್ಯ ಇಡುವುದಾದರೆ ಉತ್ತರ ಅದರಲ್ಲೇ ಇದೆ. ಮುಖ ಕಾಣದವರು ಇನ್ನೊಬ್ಬರಿದ್ದಾರೆ: ಕ್ಯಾಮೆರಾದ ಹಿಂದೆ ನಿಂತವನು. ಮೊದಲ ಭಾಗದಲ್ಲಿ ವಿಡಿಯೋದವನ ಕೈ ಒಂದು ಕ್ಷಣ ಸುಮ್ಮನಿರುವುದಿಲ್ಲ ಎಂದು ತೋರಿಸಿ. ಎಲೆಯ ಮೇಲಿನ ಪಾಯಸಕ್ಕೂ ಝೂಮ್, ಅಜ್ಜಿಯ ಓಲೆಗೂ ಝೂಮ್, ಎಲ್ಲರೂ ಬೈಯುತ್ತಾರೆ. ಆಮೇಲೆ ಕಾಶಿಯಾತ್ರೆಯ ನಾಲ್ಕು ನಿಮಿಷ ಚಿತ್ರ ಅಲ್ಲಾಡುವುದೇ ಇಲ್ಲ. ವರ ಕೊಡೆ ಸಮೇತ ಚೌಕಟ್ಟಿನಿಂದ ಆಚೆ ಹೋದರೂ ಕ್ಯಾಮೆರಾ ಹಿಂಬಾಲಿಸುವುದಿಲ್ಲ. ದಫೇದಾರ್ 'ಅಯ್ಯೋ, ಮದುಮಗನೇ ಕಾಣೆ!' ಅಂದಾಗ ಸಭೆ ನಗುತ್ತದೆ, ಆ ನಗುವಿನ ಕೆಳಗೆ ಸುಳಿವು ಅಡಗುತ್ತದೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಅವನು ಉಗ್ರಾಣಕ್ಕೆ ಹೋಗಿದ್ದ. ಪತ್ತೇದಾರನ ನಿಯಮ ತಪ್ಪಿರಲಿಲ್ಲ, ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು.

ಕೊನೆಯ ದೃಶ್ಯದಲ್ಲಿ ಕೊಲೆಗಾರ ಇನ್‌ಸ್ಪೆಕ್ಟರ್ ಮುಂದೆ ತಪ್ಪೊಪ್ಪಿಕೊಂಡು ನಾಟಕ ಮುಗಿಯುತ್ತದೆ ಎಂದು ಬರೆದಿದ್ದೀರಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇದೆ. ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಹಾಗಾಗಿ ಇನ್‌ಸ್ಪೆಕ್ಟರ್ ಅವನನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅಳು ಬೇಡ, ಭಾಷಣ ಬೇಡ, ಒಂದು ವಸ್ತು ತೋರಿಸಲಿ. ಬ್ರೋಕರ್‌ನ ತಲೆಗೆ ಬಿದ್ದ ರುಬ್ಬುಗುಂಡು ಕ್ಯಾಮೆರಾ ಚೀಲದ ತಳದಲ್ಲಿ ಇರಲಿ. ಮೊದಲ ಭಾಗದಲ್ಲಿ ಹಗುರವಾಗಿದ್ದ ಆ ಚೀಲವನ್ನು ಎರಡನೇ ಭಾಗದಲ್ಲಿ ಪತ್ತೇದಾರ ದಾರಿಗಡ್ಡ ಎಂದು ಎತ್ತಿಡಲು ಹೋಗಿ 'ಏನಪ್ಪಾ ಇಷ್ಟು ಭಾರ' ಎಂದು ಬಿಟ್ಟಿರುತ್ತಾನೆ. ಹಾಗೆ ಮುಟ್ಟಿದ್ದರಿಂದ ಅದರ ಮೇಲೆ ಅವನ ಬೆರಳಚ್ಚೂ ಇರುತ್ತದೆ, ಇನ್‌ಸ್ಪೆಕ್ಟರ್ ಇನ್ನೊಂದು ಸಲ ಅವನ ಕಡೆ ತಿರುಗಿ ನೋಡಲು ಅವಕಾಶ ಸಿಗುತ್ತದೆ. ಆಗ ಚಿಕ್ಕಪ್ಪ ಎದ್ದು ನಿಂತು ಬಾಯಿ ಬಿಡಲಿ. ಎರಡು ಫೀಸಿನ ಸಂಗತಿ ಕೇಳಿ ಇಬ್ಬರು ಬೀಗರೂ ಮುಖ ಮುಖ ನೋಡಿಕೊಳ್ಳಲಿ. ಇಬ್ಬರೂ ಒಂದೇ ತಪ್ಪು ಮಾಡಿದ್ದಾರೆ, ಜಗಳ ಆಡುವುದಕ್ಕೆ ಯಾರಿಗೂ ಬಾಯಿಲ್ಲ, ಪುರೋಹಿತರು ಮುಹೂರ್ತಕ್ಕೆ ಇನ್ನು ಆರು ನಿಮಿಷ ಇದೆ ಎನ್ನುತ್ತಾರೆ.

ಇನ್‌ಸ್ಪೆಕ್ಟರ್ ಪಾತ್ರಕ್ಕೆ ನಿಜವಾದ ಸಮವಸ್ತ್ರ ತರಬಹುದೇ ಎಂದೂ ಕೇಳಿದ್ದಿರಿ. ರಂಗದ ಮೇಲೆ ತೊಡುವುದಕ್ಕೆ ಅಡ್ಡಿಯಿಲ್ಲ, ಕಾನೂನು ತಡೆಯುವುದು ಜನರನ್ನು ನಂಬಿಸಿ ಮೋಸ ಮಾಡುವ ಉದ್ದೇಶವನ್ನು. ನಾಟಕದ ಬಟ್ಟೆಯಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಮಧ್ಯಂತರದಲ್ಲಿ ಚಹಾಕ್ಕೆಂದು ಆ ನಟರು ಅದೇ ವೇಷದಲ್ಲಿ ರಸ್ತೆಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ. ಫ್ಲಾಸ್ಕಿನಲ್ಲಿ ಚಹಾ ಒಳಗೇ ತರಿಸಿಬಿಡಿ.